ಕಸೂರಿನ ಕೇಸರಿ ನೀರು

ಲಾಹೋರಿನ ಹುಕುಮತ್ ರಾಯ್ ಮಾಸ್ಟರಿಗೆ ಒಂದೇ ಹುಚ್ಚು. ವಿಜ್ಞಾನ ಇಂಗ್ಲಿಷ್ ಸಾಹೇಬರ ಅಪ್ಪನ ಮನೆ ಆಸ್ತಿಯಲ್ಲ, ಪಂಜಾಬಿಯಲ್ಲಿ ಬಿಡಿಸಿ ಹೇಳಿದರೆ ಸೊಪ್ಪು ಮಾರುವವಳಿಗೂ ತಿಳಿಯುತ್ತದೆ ಎನ್ನುತ್ತ, ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಪೇಟೆಯಲ್ಲಿ ನಿಂತು ಭಾಷಣ ಮಾಡುತ್ತಿದ್ದರು. ಕಾಲೇಜಿನವರು ನಕ್ಕರು. ನಗಲಿ ಬಿಡಿ, ಮಾಸ್ಟರಿಗೇನಂತೆ! ಜೊತೆಗೆ ಜೀವನ್ ಮಲ್ ಇದ್ದನಲ್ಲ. ಒಂದೇ ತಟ್ಟೆಯಲ್ಲಿ ಉಂಡ ಗೆಳೆಯ, ಪ್ರಯೋಗದ ಸೀಸೆ ಬಟ್ಟಲು ಎಲ್ಲ ಹೊತ್ತು ಊರೂರು ತಿರುಗಿದವನು. ಹೋದ ವರ್ಷ ಅವನು ವ್ಯಾಪಾರ ಮಾಡುತ್ತೇನೆಂದು ಹೊರಟಾಗ ಮಾಸ್ಟರಿಗೆ ಅನ್ನ ಸೇರಿರಲಿಲ್ಲ.

ಒಂದು ಬೆಳಿಗ್ಗೆ ಕಸೂರಿನ ಅಗಸ ಫತ್ತಾ ಬಂದು ಬಾಗಿಲಲ್ಲಿ ಕುಸಿದ. ಅವನು ಬಟ್ಟೆ ಒಗೆಯುವ ಮನೆಯ ಸಾಹುಕಾರರ ಹೆಂಡತಿಯ ಮೂಗುತಿ ಕಳೆದಿತ್ತು. ಊರಿಗೆ ಬಂದ ಬಾಬಾ ಒಬ್ಬ ಆಳುಕಾಳುಗಳಿಗೆಲ್ಲ ಕೇಸರಿ ನೀರಲ್ಲಿ ಕೈ ಅದ್ದಿಸುತ್ತಾನಂತೆ. ಯಾರು ಅದ್ದಿದಾಗ ನೀರು ಕೆಂಪಾಗುತ್ತದೋ ಅವನು ಸೀದಾ ಠಾಣೆಗೆ.

“ನಿಮ್ ಭಾಷಣ ಕೇಳಿದೀನಿ ಮಾಸ್ಟರ್‌ಜೀ. ನೀವ್ ಒಂದ್ಮಾತು ಹೇಳಿದ್ರೆ ಸಾಹುಕಾರ್ರು ಕೇಳ್ತಾರೆ.”

“ನಡಿಯೋ, ಅದ್ಯಾವ ಬಾಬಾ ನಾನೂ ನೋಡೇ ಬಿಡ್ತೀನಿ!”

ಸಾಹುಕಾರರ ಅಂಗಳಕ್ಕೆ ಕಾಲಿಡುತ್ತಲೇ ಅವರ ಕಡೆಯವರು ಫತ್ತಾನ ರಟ್ಟೆ ಹಿಡಿದು ಎಳೆದೊಯ್ದು ಕೈ ಅದ್ದಿಸಿಯೇಬಿಟ್ಟರು. ಬಟ್ಟಲಿನ ನೀರು ಕೆಂಪಾಯಿತು. ಮಾಸ್ಟರು ಬಾಬಾನ ಮುಖ ನೋಡಿದರು. ಜೀವನ್ ಮಲ್! ಗಡ್ಡ ಬಿಟ್ಟಿದ್ದ, ಅಷ್ಟೇ.

ಬಟ್ಟಲಲ್ಲಿದ್ದದ್ದು ಕೇಸರಿಯಲ್ಲ, ಅರಿಶಿನ. ಅರಿಶಿನದ ನೀರಿಗೆ ಚೌಳು ತಾಗಿದರೆ ಕೆಂಪಾಗುತ್ತದೆ. ದಿನವಿಡೀ ಚೌಳು ಮಣ್ಣಲ್ಲಿ ಬಟ್ಟೆ ತಿಕ್ಕುವ ಅಗಸನ ಕೈ ಇನ್ನೇನು ಮಾಡೀತು? ಜನರ ಕಣ್ಣು ತೆರೆಸಲೆಂದು ತಾವೇ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದ ಪ್ರಯೋಗ ಇದು. ಪಾಪಿ ನನ್ಮಗ!

“ಕೇಸರಿನೂ ಅಲ್ಲ, ಮಣ್ಣೂ ಅಲ್ಲ, ಇದು ಅರಿಶಿನ ಕಣ್ರಪ್ಪಾ! ಚೌಳು, ಸುಣ್ಣ ಯಾವ್ದು ತಾಗಿದ್ರೂ ಕೆಂಪಾಗತ್ತೆ!” ಎಂದು ಕೂಗಿ, ಗುಂಪಿನಲ್ಲಿದ್ದ ಪಾನ್ ಅಂಗಡಿಯವನ ಸುಣ್ಣದ ಕೈಯನ್ನು ಅದೇ ನೀರಿನ ಇನ್ನೊಂದು ಬಟ್ಟಲಿಗೆ ಅದ್ದಿದರು. ಅದೂ ಕೆಂಪಾಯಿತು.

“ಅವ್ನು ಅಡಿಕೆ ತೂಕದಲ್ಲಿ ದಿನಾ ಹೊಡೀತಾನೆ, ನೀರು ಹೇಳಿದ್ರಲ್ಲೇನು ಸುಳ್ಳು?” ಎಂದ ಯಾರೋ. ಅಂಗಳವೆಲ್ಲ ಗೊಳ್ಳೆಂದಿತು.

ಮಾಸ್ಟರು ತಮ್ಮ ಬೆರಳಿಗೇ ಸುಣ್ಣ ಬಳಿದುಕೊಂಡು ಅದ್ದಿದರು. “ನೋಡಿ! ಹಾಗಾದ್ರೆ ನಾನೂ ಕಳ್ಳನಾ?”

ನಗು ನಿಂತಿತು. ಸಾಹುಕಾರರು ಹುಬ್ಬು ಗಂಟಿಕ್ಕಿ ಬಾಬಾನ ಕಡೆ ತಿರುಗಿದರು. ಫತ್ತಾನಿಗೆ ಹೋದ ಜೀವ ಬಂದಂತಾಯಿತು.

ಜೀವನ್ ಮಲ್ ಎದ್ದು ಬಂದವನೇ ಮಾಸ್ಟರ ಕಾಲಿಗೆ ಉದ್ದಕ್ಕೆ ಬಿದ್ದ. “ಇವ್ರೇ ನನ್ನ ಗುರುಗಳು! ಈ ವಿದ್ಯೆ ಕೊಟ್ಟೋರೇ ಇವ್ರು. ನೀರು ಇವ್ರು ಹೇಳ್ದಂಗೆ ಕೇಳತ್ತೆ, ಶಿಷ್ಯನ್ನ ಪರೀಕ್ಷೆ ಮಾಡೋಕೆ ಬಂದಿದಾರೆ!”

“ಎದ್ದೇಳೋ ದ್ರೋಹಿ! ಎಲ್ಲಾ ಸುಳ್ಳು ಅಂತ ಹೇಳು!”

“ನೀನು ಕಲಿಸಿಲ್ಲ ಅಂತ ಹೇಳು ನೋಡೋಣ,” ಎಂದು ಪಾದದ ಬಳಿಯೇ ಪಿಸುಗುಟ್ಟಿದ ಜೀವನ್ ಮಲ್.

ಮಾಸ್ಟರ ನಾಲಿಗೆ ತಡೆಯಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಅಷ್ಟೇ ಸಾಕಾಯಿತು, ಜನ ಮುಗಿಬಿದ್ದರು. ಸಾಹುಕಾರರು ಬಂದು ಎರಡೂ ಪಾದ ಹಿಡಿದುಕೊಂಡರು. ಅತ್ತ ಅಂಗಳದಲ್ಲಿ ಕಾದಿದ್ದ ಪೊಲೀಸಿನವನು ಫತ್ತಾನ ಕೈ ಕಟ್ಟಿದ.

“ಇಬ್ರೂ ಒಂದೇನಾ ಮಾಸ್ಟರ್‌ಜೀ?” ಎಂದ ಫತ್ತಾ. “ಮನೆ ಬಾಗಿಲಿಗೇ ಬಂದಿದ್ನಲ್ಲ, ಅಲ್ಲೇ ಹೇಳ್ಬಿಡಬೋದಿತ್ತು. ನಾನು ಎಲ್ಲಾದ್ರೂ ಓಡಿ ಹೋಗ್ತಿದ್ದೆ.”

“ಅಲ್ಲ ಕಣೋ ಫತ್ತಾ, ಅಲ್ಲಪ್ಪಾ!” ಎಂದು ಮಾಸ್ಟರು ಕೂಗಿದರು. ಜೈಕಾರದಲ್ಲಿ ಅದು ಯಾರಿಗೂ ಕೇಳಲಿಲ್ಲ. ಅವನ ಹಿಂದೆ ಓಡೋಣವೆಂದರೆ ಸಾಹುಕಾರರು ಪಾದ ಬಿಡಲಿಲ್ಲ.