ಇನ್ನೊಂದು ಕೆಂಪು ದಾರ

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಸಿಟ್ಟಿನಿಂದ ಶುರು ಮಾಡಿದರೆ 'ಪಾಪ, ಈ ಕಥೆಗಾರರಿಗೆ ಬಿ.ಪಿ. ಇರಬೇಕು' ಎನ್ನುತ್ತೀರಿ. ದುಃಖದಿಂದ ಶುರು ಮಾಡಿದರೆ ಕರವಸ್ತ್ರ ಹುಡುಕುತ್ತೀರಿ, ಅಷ್ಟರಲ್ಲಿ ಪುಸ್ತಕ ಕೈಜಾರುತ್ತದೆ. ಮೊದಲು ಹೀಗೆ ಬರೆದಿದ್ದೆ:

'ಅದೊಂದು ಮಾಯಾಲೋಕದ ಸಂಜೆ.'

(ಹೊಡೆದು ಹಾಕಿದೆ. ಸಂಜೆಯೂ ಅಲ್ಲ, ಭಾನುವಾರ ಮಧ್ಯಾಹ್ನ. ಮಾಯಾಲೋಕವೂ ಅಲ್ಲ, ಫ್ಯಾನ್ ಕೆಟ್ಟಿತ್ತು.)

ಇರಲಿ. ಜಾದೂಗಾರರ ಕ್ಲಬ್ಬಿನ ತಿಂಗಳ ಸಭೆ. ಅದು ನಡೆಯುವುದು ಒಂದು ಡ್ರೈವಿಂಗ್ ಸ್ಕೂಲಿನ ಪಾಠದ ಕೋಣೆಯಲ್ಲಿ, ಯಾಕೆಂದರೆ ಕ್ಲಬ್ಬಿನ ಅಧ್ಯಕ್ಷರೇ ಸ್ಕೂಲಿನ ಯಜಮಾನರು. ಗೋಡೆಯ ತುಂಬ ರಸ್ತೆಯ ಚಿಹ್ನೆಗಳು: ನಿಲ್ಲಿ, ದಾರಿ ಬಿಡಿ, ಮುಂದೆ ತಿರುವಿದೆ. (ಇವಕ್ಕೆ ಗೂಢಾರ್ಥ ಅಂಟಿಸುವುದಿಲ್ಲವೆಂದು ಈಗಲೇ ಮಾತು ಕೊಡುತ್ತೇನೆ. ಆಸೆಯಂತೂ ಆಗುತ್ತಿದೆ.) ಈ ತಿಂಗಳ ವಿಷಯ 'ಕಥೆ ಹೇಳುವ ಜಾದೂ'. ಬರೀ ಕೈಚಳಕ ಸಾಲದು, ಪ್ರತಿ ಟ್ರಿಕ್ಕಿಗೂ ಒಂದು ಕಥೆ ಇರಬೇಕು.

2

ನಮ್ಮವಳು ಹಿಂದಿನ ಸಾಲಿನಲ್ಲಿ ಕೂತಿದ್ದಾಳೆ. ಹಲ್ಲಿನ ಲ್ಯಾಬಿನಲ್ಲಿ ಕಟ್ಟುಹಲ್ಲಿನ ಸೆಟ್ಟು ಮಾಡುವ ಕೆಲಸ, ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಪ್ಲಾಸ್ಟರ್ ಹೋಗುವುದಿಲ್ಲ. ಕ್ಲಬ್ಬಿನವರು ಅವಳನ್ನು ಹಲ್ಲಕ್ಕ ಎನ್ನುತ್ತಾರೆ.

"ಇನ್ನೊಂಚೂರು ಒಳ್ಳೆ ಹೆಸರು ಸಿಗ್ಲಿಲ್ವಾ ನಿಮಗೆ?" ಎಂದು ಅವಳು ನನ್ನನ್ನು ಕೇಳಿದಳು.

"ನಾನಲ್ಲ, ಕ್ಲಬ್ಬಿನವರು ಇಟ್ಟದ್ದು."

"ಕ್ಲಬ್ಬಿನವರನ್ನ ಬರೆದೋರು ಯಾರು?"

(ಪಾತ್ರಗಳಿಗೆ ಸಲಿಗೆ ಕೊಟ್ಟರೆ ಹೀಗೇ, ತಲೆ ಮೇಲೆ ಕೂರುತ್ತವೆ.)

ಹಲ್ಲಕ್ಕನ ಚೀಲದಲ್ಲಿ ಕೆಂಪು ಉಲ್ಲನ್ ದಾರವಿದೆ. ಅವಳ ಅಮ್ಮ ಅಂಗಡಿಗಳಿಗೆ ಸ್ವೆಟರ್ ಹೆಣೆದುಕೊಡುತ್ತಿದ್ದಳು. ವಯಸ್ಸಾದ ಮೇಲೆ ಮರೆವು ಬಂತು. ದಿನವೂ ಕತ್ತರಿ ತಗೊಂಡು ದಾರ ಕತ್ತರಿಸುವುದು, ತುಂಡಾದದ್ದು ನೋಡಿ ಮಗುವಿನ ಹಾಗೆ ಅಳುವುದು, "ಸೇರಿಸಿ ಕೊಡು" ಎಂದು ಹಟ ಹಿಡಿಯುವುದು. ಗಂಟು ಹಾಕಿ ಕೊಟ್ಟರೆ ನಡೆಯುತ್ತಿರಲಿಲ್ಲ. ಹೆಣೆದು ಪಳಗಿದ ಬೆರಳು, ಗಂಟು ತಾಗಿದ ಕೂಡಲೇ ಎಸೆಯುತ್ತಿದ್ದಳು. ಆಗ ಮಗಳು ಹುಡುಕಿಕೊಂಡು ಹೋಗಿ ಈ ಜಾದೂ ಕಲಿತಳು: ಅದೇ ಬಣ್ಣದ ಇನ್ನೊಂದು ದಾರವನ್ನು ಸುತ್ತಿ ಮುಷ್ಟಿಯೊಳಗೆ ಮೊದಲೇ ಅಡಗಿಸಿಡಬೇಕು, ತುಂಡುಗಳು ಮಾಯ, ಇಡೀ ದಾರ ಹೊರಗೆ. ಅಮ್ಮನ ಮುಖ ಅರಳುತ್ತಿತ್ತು. ಮರುಕ್ಷಣವೇ ಕತ್ತರಿ.

ಪ್ರತಿ ಸಲವೂ ಅಮ್ಮ ಹೇಳುತ್ತಿದ್ದುದು ಒಂದೇ ಮಾತು: "ಒಳ್ಳೆ ದಾರ ಕೊಡ್ತೀಯಮ್ಮ. ನಿಮ್ಮ ಯಜಮಾನ್ರಿಗೆ ಹೇಳ್ತೀನಿ." ಅವಳ ಲೆಕ್ಕದಲ್ಲಿ ಇವಳು ದಾರದ ಅಂಗಡಿಯ ಹುಡುಗಿ. ಕೊನೆಯವರೆಗೂ ಅಷ್ಟೇ.

ಈ ಕಥೆಯನ್ನು ಹಲ್ಲಕ್ಕ ಒಬ್ಬರಿಗೆ ಮಾತ್ರ ಹೇಳಿದ್ದಳು. ಹಿಂದಿನ ಸಭೆ ಮುಗಿದು ಟೀ ಕುಡಿಯುವಾಗ, ಅವಳ ಬೆರಳು ದಾರದೊಡನೆ ಆಡುವುದನ್ನು ನೋಡಿ ಅಧ್ಯಕ್ಷರು "ಈ ದಾರದ ಕೆಲಸ ಎಲ್ಲಿ ಕಲಿತ್ರಿ?" ಎಂದು ಕೇಳಿದ್ದರು, ಕೇಳುತ್ತಾ ಕೇಳುತ್ತಾ ಟೀ ಆರಲು ಬಿಟ್ಟಿದ್ದರು. ಇವತ್ತು ಮೊದಲ ಬಾರಿಗೆ ಎಲ್ಲರೆದುರು ಹೇಳೋಣವೆಂದು ಬಂದಿದ್ದಾಳೆ. ಅಧ್ಯಕ್ಷರ ನಂತರ ಅವಳ ಸರದಿ.

3

ಅಧ್ಯಕ್ಷರು ಎದ್ದು ಕೋಟಿನ ಗುಂಡಿ ಹಾಕಿಕೊಂಡರು. ಕೆಂಪು ದಾರ ತೆಗೆದರು.

"ನನ್ನ ತಾಯಿ ಸ್ವೆಟರ್ ಹೆಣೀತಿದ್ರು..."

(ಗೊತ್ತಾಯಿತಲ್ಲ? ಹಲ್ಲಕ್ಕನಿಗೂ ಅದೇ ಮಾತಿಗೆ ಗೊತ್ತಾಯಿತು.)

ಕತ್ತರಿ, ಅಳು, 'ಸೇರಿಸಿ ಕೊಡು', ಒಂದನ್ನೂ ಬಿಡಲಿಲ್ಲ ಮಹಾನುಭಾವರು. ಕೊನೆಗೆ ಇಡೀ ದಾರವನ್ನು ಎತ್ತಿ ಹಿಡಿದು, ಕೆಟ್ಟ ಫ್ಯಾನಿನತ್ತ ಕಣ್ಣು ನೆಟ್ಟು, ಗದ್ಗದ ಸ್ವರದಲ್ಲಿ ಹೇಳಿದರು: "ಆವತ್ತು ಅಮ್ಮ ನನ್ನ ಮುಖ ನೋಡಿ ಅಂದ್ರು, 'ನೀನು ನನ್ನ ಮಗ ಅಲ್ವೇನೋ!'"

ಚಪ್ಪಾಳೆಯೋ ಚಪ್ಪಾಳೆ. ಗಡಿಯಾರ ರಿಪೇರಿ ಮಾಡುವ ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿಕೊಂಡರು.

ಹಲ್ಲಕ್ಕನಿಗೆ ಅಂಗಾಲಿನ ಉರಿ ನೆತ್ತಿಗೇರಿತು. ಕದ್ದದ್ದು ಹಾಗಿರಲಿ. ಯಾವ ಮಾತಿಗಾಗಿ ಅವಳು ದಿನವೂ ಅಮ್ಮನ ಮುಖ ನೋಡುತ್ತಾ ಕೂತಿದ್ದಳೋ, ಯಾವ ಮಾತು ಅವಳಿಗೆ ಕೊನೆಗೂ ಸಿಗಲಿಲ್ಲವೋ, ಅದನ್ನು ಈ ಮನುಷ್ಯ ಪುಕ್ಕಟೆ ತಗೊಂಡು ಜೇಬಿಗೆ ಹಾಕಿಕೊಂಡುಬಿಟ್ಟ. 

ಅವಳು ಎದ್ದು ನೇರವಾಗಿ ಕಾರ್ಯದರ್ಶಿಯ ಬಳಿ ಹೋದಳು. "ಅದು ನನ್ನ ಕಥೆ. ನನ್ನಮ್ಮನ ಕಥೆ."

"ಹಾಗಾ? ಆದ್ರೆ ಟ್ರಿಕ್ಕು ಹಳೇದಲ್ವಾ, ಎಲ್ರೂ ಮಾಡ್ತಾರೆ."

"ಟ್ರಿಕ್ಕಿನ ಮಾತಲ್ಲ. ಇನ್ನೊಬ್ಬರ ಕಾಯಿನ್ ಟ್ರಿಕ್ ಕೇಳದೆ ಮಾಡ್ದ ಅಂತ ಆ ಬೇಕರಿಯವನನ್ನ ಕ್ಲಬ್ಬಿಂದ ತೆಗೆದ್ರಲ್ಲ, ಇದಕ್ಕೇನಂತೀರಿ?"

"ಅದು ಟ್ರಿಕ್ಕು, ಅದಕ್ಕೆ ರೂಲ್ ಇದೆ. ಇದು ಬರೀ ಮಾತು, ಹಲ್ಲಕ್ಕ. ಮಾತಿಗೆಲ್ಲಿ ರೂಲು?" ಕಾರ್ಯದರ್ಶಿ ದನಿ ತಗ್ಗಿಸಿದರು. "ಈಗ ನೀವೂ ದಾರ ಹಿಡ್ಕೊಂಡ್ ನಿಂತ್ರೆ ಜನ ನಿಮ್ಮನ್ನೇ ಕಳ್ಳಿ ಅಂತಾರೆ. ಸುಮ್ನೆ ಯಾಕೆ? ಇಸ್ಪೀಟ್ ತಂದಿದ್ದೀರಾ?"

ಅಧ್ಯಕ್ಷರು ಬೆವರು ಒರೆಸಿಕೊಳ್ಳುತ್ತಾ ಬಂದರು. "ಸ್ಫೂರ್ತಿ ನಿಮ್ದೇ ಹಲ್ಲಕ್ಕ, ನಾನೇನು ಇಲ್ಲ ಅಂದ್ನಾ? ಆದ್ರೆ ಹೇಳೋ ರೀತಿ ನಂದಲ್ವಾ? ನಿಮ್ಮ ಎಂಡಿಂಗ್ ಸ್ವಲ್ಪ ಡಲ್ ಇತ್ತು."

ಡಲ್ ಅಂತೆ.

4

ಇಲ್ಲಿಗೆ ನಾನು ಒಂದಷ್ಟು ಮುಕ್ತಾಯಗಳನ್ನು ಬರೆದು ನೋಡಿದೆ.

(ಅ) ಬಾಗಿಲು ತೆರೆಯುತ್ತದೆ. ಅಧ್ಯಕ್ಷರ ನಿಜವಾದ ತಾಯಿ, ಗಟ್ಟಿಮುಟ್ಟಾದ ಮುದುಕಿ, ಒಳಬಂದು "ನಂಗ್ಯಾವಾಗ ಮರೆವು ಬಂದಿದ್ದೋ?" ಎಂದು ಮಗನ ಕಿವಿ ಹಿಂಡುತ್ತಾರೆ. ಎಲ್ಲರೂ ಗೊಳ್ಳೆಂದು ನಗುತ್ತಾರೆ.

"ನಗಿಸಿ ಕೈ ತೊಳ್ಕೋತೀರಾ?" ಎಂದಳು ಹಲ್ಲಕ್ಕ. "ಮತ್ತೆ ನನ್ನ ಸಿಟ್ಟಿಗೇನು ದಾರಿ?" ಹೊಡೆದು ಹಾಕಿದೆ.

(ಆ) ಅವಳು ಕಣ್ಣೀರು ಒರೆಸಿಕೊಂಡು ಹೊರಟುಹೋಗುತ್ತಾಳೆ.

"ನಾನ್ಯಾಕೆ ಹೋಗ್ಲಿ? ತಪ್ಪು ಮಾಡಿದೋರು ಹೋಗ್ಲಿ."

(ಇ) ಬರೆಯಲು ಆಗಲಿಲ್ಲ. ಅಷ್ಟರಲ್ಲಿ ಅವಳು ಮುಂದೆ ಹೋಗಿ ನಿಂತಿದ್ದಳು.

5

ಕೆಂಪು ದಾರ ಹೊರಗೆ ಬಂದದ್ದೇ ಗುಸುಗುಸು ಶುರುವಾಯಿತು. "ಅಧ್ಯಕ್ಷರ ಐಟಮ್ಮೇ ಅಲ್ವಾ?" ಎಂದು ಯಾರೋ ನಕ್ಕರು. ಅವಳು ಕಥೆ ಹೇಳಲಿಲ್ಲ. ಅಧ್ಯಕ್ಷರನ್ನೇ ಮುಂದೆ ಕರೆದು, ಕುರ್ಚಿಯಲ್ಲಿ ಕೂರಿಸಿ, ದಾರವನ್ನು ಕತ್ತರಿಸಿ ಎರಡೂ ತುಂಡುಗಳನ್ನು ಅವರ ಅಂಗೈಯಲ್ಲಿಟ್ಟಳು.

"ಸೇರಿಸಿ ಕೊಡಿ."

ಅಧ್ಯಕ್ಷರು ನಕ್ಕರು. "ಈಗ ತಾನೆ ಮಾಡಿದ್ನಲ್ಲ."

"ಮತ್ತೆ ಕತ್ತರಿಸಿಬಿಟ್ಟಿದ್ದಾರೆ ನಿಮ್ಮಮ್ಮ. ಅಳ್ತಾ ಇದ್ದಾರೆ. ಸೇರಿಸಿ ಕೊಡಿ."

ಅಧ್ಯಕ್ಷರ ಕೈ ತಾನಾಗಿ ಕೋಟಿನ ಜೇಬಿಗೆ ಹೋಯಿತು. ಹಾಗೇ ಖಾಲಿ ವಾಪಸು ಬಂತು. ಅಡಗಿಸಿಡಲು ಅವರು ತಂದದ್ದು ಒಂದೇ ದಾರ, ಅದು ಆಗಲೇ ಮುಗಿದಿತ್ತು. ಕೂತವರೆಲ್ಲ ಜಾದೂಗಾರರು. ಆ ಕೈ ಎಲ್ಲಿಗೆ ಹೋಯಿತು, ಏನನ್ನು ಹುಡುಕಿತು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನಿಮ್ಮಮ್ಮ ಒಂದೇ ಸಲ ಕತ್ತರಿಸ್ತಿದ್ರಾ?" ಎಂದು ಕೇಳಿದಳು ಹಲ್ಲಕ್ಕ.

ಆಮೇಲೆ ತನ್ನ ಜೇಬಿನಿಂದ ಒಂದು ಸಣ್ಣ ಕೆಂಪು ಸುರುಳಿ ತೆಗೆದು ಮೇಜಿನ ಮೇಲಿಟ್ಟಳು. ಇನ್ನೊಂದು ಜೇಬಿನಿಂದ ಮತ್ತೊಂದು. ಮಡಿಸಿದ ತೋಳಿನೊಳಗಿಂದ ಒಂದು, ಕನ್ನಡಕದ ಡಬ್ಬಿಯಿಂದ ಒಂದು, ಕೈಚೀಲದ ಪಕ್ಕದ ಜಿಪ್ಪಿನಿಂದ ಒಂದು ಹಿಡಿ.

"ಅಮ್ಮ ಹೋಗಿ ಎಷ್ಟೋ ಕಾಲ ಆಯ್ತು. ಇವತ್ತಿಗೂ ಮನೆ ಬಿಡೋವಾಗ ಕೈ ತಾನಾಗೇ ಇವನ್ನ ತುಂಬ್ಕೊಳ್ಳುತ್ತೆ. ಮತ್ತೆ ಕೇಳಿಬಿಟ್ರೆ ಏನ್ಮಾಡೋದು ಅಂತ." ಅವಳ ದನಿ ಈಗಷ್ಟೇ ಒಡೆಯಿತು. "ಅವಳು ನನ್ನ ಗುರುತು ಹಿಡೀಲೇ ಇಲ್ಲ. ಅದೇ ನನ್ನ ಕಥೆ. ಅದನ್ನ ನೀವು ಡಲ್ ಅಂದ್ರಿ."

ಚಪ್ಪಾಳೆ ಬೀಳಲಿಲ್ಲ. ಕಾರ್ಯದರ್ಶಿ ಕನ್ನಡಕ ಹಾಕಿಕೊಂಡು ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ಅಂಗೈಯಲ್ಲಿದ್ದ ತುಂಡುಗಳನ್ನು ನೋಡಿದರು.

6

ಇನ್ನು ನಿಮಗೆ ತಿಳಿಯಬೇಕಾದದ್ದು ಇದೆ. ಅಧ್ಯಕ್ಷರು ಕ್ಷಮೆ ಕೇಳಿದರೇ? ಕ್ಲಬ್ಬಿನ ರೂಲ್ ಬದಲಾಯಿತೇ? ನನ್ನ ತಲೆಯಲ್ಲಿ ಇದಕ್ಕಿಂತ ಸೊಗಸಾದದ್ದೊಂದಿತ್ತು: ಹಲ್ಲಕ್ಕ ಮನೆಗೆ ಬರುತ್ತಾಳೆ, ಬೀರು ತೆರೆಯುತ್ತಾಳೆ, ಅಮ್ಮನ ಅರ್ಧ ಹೆಣೆದ ಸ್ವೆಟರಿನ ಅಳತೆ ತನ್ನದೇ ಎಂದು ಗೊತ್ತಾಗುತ್ತದೆ, ಅಲ್ಲೆಲ್ಲೋ ಅಮ್ಮನ ದನಿ ಕೇಳಿದಂತಾಗಿ...

"ನಿಲ್ಲಿಸಿ," ಎಂದಳು. "ಈ ಸ್ವೆಟರ್ ಎಲ್ಲಿಂದ ಬಂತು?"

"ಓದುವವರಿಗೆ ಸ್ವಲ್ಪ ಸಮಾಧಾನ ಆಗಲಿ ಅಂತ. ಹೇಳುವ ರೀತಿ ನನ್ನದಲ್ಲವೇ?"

 ಅವಳು ನನ್ನನ್ನು ನೋಡಿದಳು. ಅಧ್ಯಕ್ಷರನ್ನು ನೋಡಿದ ಹಾಗೇ.

 ಸ್ವೆಟರನ್ನು ಹೊಡೆದು ಹಾಕಿದೆ, ಬೀರುವನ್ನೂ. ಅಮ್ಮ ಏನೂ ಹೇಳುವುದಿಲ್ಲ. ಹಲ್ಲಕ್ಕ ತನ್ನ ಸುರುಳಿಗಳನ್ನೆಲ್ಲ ಎತ್ತಿಕೊಂಡು ಮತ್ತೆ ಜೇಬಿಗೆ, ತೋಳಿಗೆ, ಕನ್ನಡಕದ ಡಬ್ಬಿಗೆ ತುಂಬಿಕೊಂಡಳು. ನನಗೊಂದನ್ನೂ ಬಿಡಲಿಲ್ಲ. ಕತ್ತರಿಸಿದ ತುಂಡುಗಳು ಮಾತ್ರ ಇಲ್ಲಿವೆ, ಈ ಪುಟದ ಮೇಲೆ. ಸೇರಿಸಿ ಕೊಡು ಎಂದು ನೀವು ನನ್ನ ಮುಖ ನೋಡುತ್ತಿದ್ದೀರಿ.

ನಾನೂ ಜೇಬಿಗೆ ಕೈ ಹಾಕಿದೆ. ಏನೂ ಇಲ್ಲ.