ನೀರು ನಿಲ್ಲದ ಜಾಗ

ಸ್ಪ್ಯಾನರಣ್ಣನ ಮನೆ ಮುಂದೆ ಕೆಸರು ಒಣಗಿದ್ದನ್ನು ಕಂಡವರೇ ಇರಲಿಲ್ಲ. ಗಾಡಿ ರಿಪೇರಿ ಮಾಡುವುದು, ತೊಳೆಯುವುದು ಎರಡೂ ಅವನಿಗೆ ಮನೆ ಬಾಗಿಲಲ್ಲೇ. ಸೋಪಿನ ನೊರೆ, ಗ್ರೀಸು, ಕರಿ ಎಣ್ಣೆ ಎಲ್ಲ ಕೂಡಿ ಬೀದಿಗೊಂದು ಪುಟ್ಟ ಕೆರೆಯೇ ಆಗಿತ್ತು. ಪಕ್ಕದ ಮನೆಯ ಟೈಲರಮ್ಮ ಎರಡು ಸಲ ಜಾರಿ ಬಿದ್ದಿದ್ದಳು. ಮೂರನೆಯ ಸಲ ಬೀಳುವ ಮುಂಚೆಯೇ ಜಗಳಕ್ಕೆ ಬಂದಳು.

"ನನ್ನ ಸೊಂಟ ಮುರಿದ್ರೆ ಬೇರೆ ಸೊಂಟ ಎಲ್ಲಿಂದ ತರ್ಲಿ? ನಿನ್ನ ಗುಜರಿ ಡಬ್ಬದಲ್ಲಿ ಇದ್ಯಾ?"

ಹೆಂಡತಿಯದೂ ಅದೇ ರಾಗ. "ಬೇರೆ ಜಾಗ ನೋಡಿ ಅಂತ ಎಷ್ಟು ಸಲ ಬಾಯಿ ಬಡ್ಕೊಳ್ಳಲಿ?"

ಜಾಗ ಕೊಟ್ಟವನು ಅಕ್ಕನ ಗಂಡ. ಅವನಿಗೆ ಎರಡು ತುಂಡು ನೆಲವಿತ್ತು. ಒಂದು ರಸ್ತೆ ಪಕ್ಕದ ಜೇಡಿ ನೆಲ, ಇನ್ನೊಂದು ಬೀದಿ ಮುಗಿದ ಮೇಲೆ ಏರಿನಲ್ಲಿದ್ದ ಬೋಳು ಬಂಡೆ. "ಯಾವುದು ಬೇಕೋ ತಗೋ," ಎಂದ ಭಾವ.

ಸ್ಪ್ಯಾನರಣ್ಣ ಲೆಕ್ಕಾಚಾರದ ಮನುಷ್ಯ. ಒಂದು ಬಕೆಟ್ ನೀರನ್ನು ಬಂಡೆಯ ಬಿರುಕಿಗೆ ಸುರಿದ. ನೆಲ ಗಟಗಟನೆ ಕುಡಿದು ಬಾಯಿ ಒರೆಸಿಕೊಂಡಿತು. ಇನ್ನೊಂದು ಸುರಿದ. ಅದೂ ಮಾಯ.

"ಕೆಸರಿಲ್ಲ, ಚರಂಡಿ ತೋಡೋ ತಾಪತ್ರಯ ಇಲ್ಲ! ಎಷ್ಟು ಗಾಡಿ ತೊಳೆದ್ರೂ ನೀರು ತಾನೇ ಇಂಗುತ್ತೆ," ಎಂದು ಹಿಗ್ಗಿದ. ಮರುದಿನವೇ ಶೆಡ್ಡಿನ ಕಂಬಕ್ಕೆ ಗುಂಡಿ ತೋಡತೊಡಗಿದ.

ಎರಡನೆಯ ಗುಂಡಿ ಮೊಣಕಾಲುದ್ದ ಆಗುವಷ್ಟರಲ್ಲಿ ಅಕ್ಕ ಏದುಸಿರು ಬಿಡುತ್ತ ಏರು ಹತ್ತಿ ಬಂದಳು. ಜೊತೆಗೆ ನೀರಿನ ಕಚೇರಿಯ ಹುಡುಗಿ. ಮೂರು ತಿಂಗಳಿಂದ ಕಂಡಕಂಡ ಬಾವಿಗೆಲ್ಲ ಟೇಪು ಇಳಿಬಿಟ್ಟು ಬರೆದುಕೊಳ್ಳುತ್ತಿದ್ದ ಅವಳನ್ನು ಜನ ನಕ್ಷೆ ಮೇಡಂ ಎನ್ನುತ್ತಿದ್ದರು.

"ಅಣ್ಣಾ, ಗುಂಡಿ ತೋಡೋದನ್ನ ಒಂದು ಗಳಿಗೆ ನಿಲ್ಲಿಸ್ತೀರಾ?"

"ಯಾಕಮ್ಮ, ಬಂಡೆಗೆ ನೋವಾಗುತ್ತಾ?"

ಮೇಡಂ ನಕ್ಕಳು. ಪಕ್ಕದಲ್ಲಿ ನಿಂತಿದ್ದ ಅವನ ಗಾಡಿಯ ಸೀಟಿನ ಮೇಲೆ ನಕ್ಷೆ ಹಾಸಿದಳು. ನಡುವೆ ಒಂದು ಕಡೆ ಗಾಢ ನೀಲಿ ಬಣ್ಣ. "ಮಳೆ ನೀರು ಭೂಮಿ ಒಳಗೆ ಇಳಿದು ಅಂತರ್ಜಲ ಸೇರೋ ಜಾಗ ಇದು. ಮರುಪೂರಣ ಪ್ರದೇಶ ಅಂತಾರೆ. ನೀವು ನಿಂತಿರೋದು ಅದರ ನಟ್ಟನಡುವೆ. ನಿಮ್ಮಕ್ಕನ ಬಾವಿಗೆ ನೀರು ಇಲ್ಲಿಂದ್ಲೇ ಹೋಗ್ತಿದೆ."

ಬೀದಿಗೆಲ್ಲ ಕುಡಿಯುವ ನೀರು ಕೊಡುತ್ತಿದ್ದದ್ದು ಆ ಒಂದೇ ಬಾವಿ. ಸ್ಪ್ಯಾನರಣ್ಣನಿಗೆ ಮಾತ್ರ ನಂಬಿಕೆ ಬರಲಿಲ್ಲ.

"ಆ ಬಾವಿ ಎಲ್ಲಿ, ಈ ಬೋಳು ಬಂಡೆ ಎಲ್ಲಿ! ಬಾವಿ ಪಕ್ಕ ಯಾರೂ ಬಟ್ಟೆ ಒಗೆಯದ ಹಾಗೆ ನಮ್ಮಕ್ಕ ಕಾವಲು ಕೂತಿರ್ತಾಳೆ. ಅಷ್ಟು ಸಾಲದಾ?"

"ಕೂತಿರ್ತೀನಿ ಕಣೋ," ಎಂದಳು ಅಕ್ಕ. "ಆದ್ರೆ ನೀರು ನನ್ನ ಕಣ್ಮುಂದೆ ಬರೋದೇ ಇಲ್ವಂತೆ. ಹಿಂಬಾಗಿಲಿಂದ ಬರುತ್ತಂತೆ!"

"ಬಾವಿ ಸುತ್ತ ಜೇಡಿ ಮಣ್ಣು," ಮೇಡಂ ಬೆರಳಿಟ್ಟು ತೋರಿಸಿದಳು. "ಮೊನ್ನೆ ಮಳೆಗೆ ಅಲ್ಲಿ ನೀರು ನಿಂತೇ ಇತ್ತು, ಇಂಗಲೇ ಇಲ್ಲ. ಆದ್ರೂ ಮೂರನೇ ದಿನ ಬಾವಿ ಒಂದು ಮೊಳ ಏರಿತು. ಐದು ಬಾವಿ ಅಳೆದೆ. ಈ ಬಂಡೆಗೆ ಹತ್ತಿರ ಇರೋದು ಮೊದಲು ಏರಿತು, ದೂರದ್ದು ಆಮೇಲೆ."

"ಹೋಗ್ಲಿ, ಇಲ್ಲಿಂದ ಅಲ್ಲಿಗೆ ಹೋಗೋಷ್ಟರಲ್ಲಿ ಭೂಮಿ ಸೋಸಲ್ವಾ?"

"ದಪ್ಪ ಮಣ್ಣಿದ್ರೆ ಸ್ವಲ್ಪ ಸೋಸುತ್ತೆ. ಇಲ್ಲಿ ಮಣ್ಣೆಲ್ಲಿದೆ ಅಣ್ಣಾ? ಬರೀ ಬಿರುಕು. ನೀರಿನ ಹಿಂದೆಯೇ ಸೋಪು, ಪೆಟ್ರೋಲು, ಎಣ್ಣೆ ಎಲ್ಲ ಇಳಿದುಬಿಡುತ್ತೆ. ಒಳಗೆ ಸೇರಿದ್ಮೇಲೆ ಹೊರಗೆ ತೆಗೆಯೋದು ಬಲು ಕಷ್ಟ."

"ಇಷ್ಟು ದೂರದಿಂದ ದಾರಿ ಹುಡುಕ್ಕೊಂಡು ಹೋಗುತ್ತಾ?"

"ಎಣ್ಣೆ ಸೋರೋ ಗಾಡಿ ಬಂದ್ರೆ ನೀನು ಎಲ್ಲಿ ನೋಡ್ತೀಯೋ?" ಅಕ್ಕ ಕೇಳಿದಳು.

"ಹನಿ ಬೀಳೋ ಕಡೆ ನೋಡೋನು ಹೊಸಬ. ಎಣ್ಣೆ ಮೇಲೆಲ್ಲೋ ಸೋರಿ, ಸಂದಿಗೊಂದಿಯಲ್ಲಿ ಇಳಿದು, ಇನ್ನೆಲ್ಲೋ ತೊಟ್ಟಿಕ್ಕುತ್ತೆ. ಅದರ ಜಾಡು ಹಿಡಿದು ಮೇಲಕ್ಕೆ…"

ಅವನು ತಾನು ತೋಡಿದ ಗುಂಡಿಯನ್ನೊಮ್ಮೆ, ಕೆಳಗೆ ಅಕ್ಕನ ಮನೆಯ ಹೆಂಚನ್ನೊಮ್ಮೆ ನೋಡಿದ.

"ನಿನ್ನ ಮಗಳು ಶಾಲೆಯಿಂದ ಬಂದವಳೇ ನಮ್ಮ ಬಾವಿ ನೀರನ್ನೇ ಕುಡೀತಾಳೆ ಕಣೋ," ಎಂದಳು ಅಕ್ಕ. ಬೈಯಲಿಲ್ಲ, ಅಷ್ಟೇ ಹೇಳಿದಳು.

ಸ್ಪ್ಯಾನರಣ್ಣ ಹಾರೆ ಕೆಳಗಿಟ್ಟ.

ಸಂಜೆ ಸುದ್ದಿ ಕೇಳಿ ಹೆಂಡತಿ ಕಂಗಾಲಾದಳು. "ಹಾಗಾದ್ರೆ ಈ ಗಲೀಜು ಮತ್ತೆ ನಮ್ಮ ಬಾಗಿಲಿಗೇ ಗಂಟುಬಿತ್ತಾ?"

"ಇಲ್ಲ ಮಾರಾಯ್ತಿ. ರಸ್ತೆ ಪಕ್ಕದ ಜೇಡಿ ನೆಲಕ್ಕೆ ಹೋಗೋಣ. ಅಲ್ಲಿ ನೀರು ಸುಲಭಕ್ಕೆ ಇಂಗಲ್ಲ ಅಂತ ಮೇಡಂ ಅಳೆದು ನೋಡಿದ್ದಾರೆ. ಕೆಳಗೆ ಸಿಮೆಂಟ್ ಹಾಕಿ, ತೊಳೆದ ನೀರಿಗೊಂದು ತೊಟ್ಟಿ ಕಟ್ಟಬೇಕು. ಮೇಲೆ ತೇಲಿದ ಎಣ್ಣೆ ತೆಗೆದು ಡ್ರಮ್ಮಿಗೆ ತುಂಬಿಸಿದ್ರೆ ಅದನ್ನ ಒಯ್ಯೋರು ಬರ್ತಾರಂತೆ."

"ಅಷ್ಟೆಲ್ಲ ಕೆಲಸ ನಿಮ್ಮ ಕೈಯಲ್ಲಿ ಆಗುತ್ತಾ?"

"ಒಂದು ತಿಂಗಳು ಜಾಸ್ತಿ ಹಿಡಿಯುತ್ತೆ. ಆಗಲೇಬೇಕು."

ಒಂದು ತಿಂಗಳಲ್ಲ, ಎರಡು ಹಿಡಿಯಿತು. ಅಷ್ಟೂ ದಿನ ಅವನು ಗಾಡಿ ತೊಳೆಯಲಿಲ್ಲ. ಗಿರಾಕಿಗಳು ಗೊಣಗಿದರು. ಬಂಡೆಯ ಗುಂಡಿಗಳನ್ನು ಅಲ್ಲೇ ಅಗೆದ ಕಲ್ಲಿನಿಂದ ಮುಚ್ಚಿದ. ಜನ ಅಲ್ಲಿ ಎಸೆದಿದ್ದ ಒಡಕು ಬ್ಯಾಟರಿ, ಬಣ್ಣದ ಡಬ್ಬಗಳನ್ನು ಬೀದಿಯವರೇ ಸೇರಿ ಹೊರಗೆ ಸಾಗಿಸಿದರು. ಟೈಲರಮ್ಮ ಸೆರಗು ಸಿಕ್ಕಿಸಿಕೊಂಡು ಎಲ್ಲರಿಗಿಂತ ಮುಂದಿದ್ದಳು.

ಇದನ್ನು ಓದುತ್ತಿರುವ ನಿಮಗೂ ಒಂದು ಮಾತು. ಬಾವಿಗೆ, ಬೋರಿಗೆ ಕಟ್ಟೆ ಕಟ್ಟಿ ಕಾಯ್ದರಷ್ಟೇ ಸಾಲದು. ಆ ನೀರು ಎಲ್ಲಿ ಭೂಮಿಗೆ ಇಳಿಯುತ್ತದೆಂದು ತಿಳಿದಿರಬೇಕು. ಅಳೆಯುವವರು ಬಂದರೆ ನಿಮ್ಮ ಬಾವಿಗೆ ಟೇಪು ಇಳಿಬಿಡಲು ಬಿಡಿ. ಮಳೆ ಬಂದಾಗ ಯಾವ ನೆಲ ನೀರು ಕುಡಿಯುತ್ತದೆ, ಯಾವುದು ಉಗುಳುತ್ತದೆ ಎಂದು ಅವರಿಗೆ ತೋರಿಸಿ. ನಿಮ್ಮಷ್ಟು ಬಲ್ಲವರು ಬೇರೆ ಯಾರಿದ್ದಾರೆ? ನಕ್ಷೆ ಸಿದ್ಧವಾದ ಮೇಲೆ ಊರಿಗೆಲ್ಲ ಕಾಣುವ ಗೋಡೆಗೆ ಅಂಟಿಸಿ. ಶೆಡ್ಡು ಹಾಕುವವರು, ಗುಂಡಿ ತೋಡುವವರು, ಕಸ ಸುರಿಯುವವರು ಮೊದಲು ಅದನ್ನು ನೋಡಲಿ. ನಿಮ್ಮಲ್ಲಿ ಇನ್ನೂ ನಕ್ಷೆ ಆಗಿಲ್ಲವೇ? ನಾಳೆಯೇ ನಾಲ್ಕು ಜನ ಸೇರಿ ನೀರಿನ ಕಚೇರಿಗೆ ಹೋಗಿ ಕೇಳಿ: "ನಮ್ಮ ನೀರು ಎಲ್ಲಿಂದ ಬರುತ್ತೆ, ತೋರಿಸಿ." ಉತ್ತರ ಸಿಗುವವರೆಗೆ ಎದ್ದು ಬರಬೇಡಿ.