ಟ್ರೇ ಹಿಡಿದು ಕುಣಿದವನು

ಮತ್ತೆ ಆ ಪುಣ್ಯಾತ್ಮ ಟ್ರೇ ಎತ್ತಿದ, ಮತ್ತೆ ಎಲ್ಲರೂ ನಕ್ಕರು. ಮಧುಸೂದನನಿಗೆ ಮೈ ಉರಿದುಹೋಯಿತು.

ನಗಲಿಕ್ಕೇನಿದೆ ಇದರಲ್ಲಿ? ಆಗಸ್ಟಿನಿಂದ ಇಡೀ ಕುವೈತು ಇರಾಕಿನವರ ಕೈಯಲ್ಲಿದೆ. ತಾವಿರುವ ಸಾಲ್ಮಿಯಾ ಬಡಾವಣೆಯ ಅಂಗಡಿಗಳ ಬಾಗಿಲು ಕಿತ್ತು, ಫ್ರಿಜ್ಜು, ಸೋಫಾ, ಕೊನೆಗೆ ಮಕ್ಕಳ ಸೈಕಲ್ಲನ್ನೂ ಬಿಡದೆ ಲಾರಿಗೆ ತುಂಬಿ ಬಾಗ್ದಾದಿಗೆ ಸಾಗಿಸುತ್ತಿದ್ದಾರೆ. ಬ್ರೆಡ್ಡಿಗೆ ಬೆಳಕು ಹರಿಯುವ ಮೊದಲೇ ಸಾಲು ನಿಲ್ಲಬೇಕು. ಇಷ್ಟೆಲ್ಲ ಆಗಿಯೂ ಈ ಜನ ದೇಜಪ್ಪನ ಫ್ಲ್ಯಾಟಿನ ಕಾರ್ಪೆಟ್ಟಿನ ಮೇಲೆ ಕಾಲು ಚಾಚಿ ಕೂತು ಅಮೆರಿಕದ ಹಳೇ ಸಿನಿಮಾ ನೋಡಿ ಹಲ್ಲು ಕಿರಿಯುತ್ತಿದ್ದಾರೆ. ಅದೂ ಎಂಥ ಸಿನಿಮಾ! ದೊಡ್ಡ ಹೋಟೆಲಿನ ಮಾಲೀಕನೊಬ್ಬ ಹುಡುಗಿಯೊಬ್ಬಳನ್ನು ಒಲಿಸಿಕೊಳ್ಳಲು ತನ್ನದೇ ಹೋಟೆಲಿನಲ್ಲಿ ವೇಟರನ ವೇಷ ಹಾಕುತ್ತಾನೆ. ತುಂಬಿದ ಟ್ರೇ ಹಿಡಿದು ಮೇಜಿನಿಂದ ಮೇಜಿಗೆ ಕುಣಿಯುತ್ತಾನೆ, ಹಾಡುತ್ತಾನೆ. ಒಂದು ಕಪ್ಪೂ ಬೀಳುವುದಿಲ್ಲ. ಆ ಲೋಕದಲ್ಲಿ ಯಾರಿಗೂ ಬೇರೆ ಕೆಲಸವೇ ಇಲ್ಲ.

ಶುಕ್ರವಾರ ಮಧ್ಯಾಹ್ನ ಸಿನಿಮಾ ನೋಡುವುದು ಅಲ್ಲಿನ ಕನ್ನಡ ಸಂಘದ ಪದ್ಧತಿ. ಸೈನ್ಯ ಬಂದಿತೆಂದು ಪದ್ಧತಿ ಬಿಡುವ ಜನವಲ್ಲ ಇದು. ಸಂಘದ ಕ್ಯಾಸೆಟ್ಟುಗಳ ಕಪಾಟು ಹವಳ್ಳಿ ಬಡಾವಣೆಯ ಯಾರದೋ ಮನೆಯಲ್ಲಿ ಉಳಿದುಬಿಟ್ಟಿತ್ತು, ಅತ್ತ ಹೋಗಲು ದಾರಿಯಲ್ಲಿ ಸೈನಿಕರ ಕಾವಲು. ಹಾಗಾಗಿ ಕೈಗೆ ಸಿಕ್ಕಿದ್ದು ಇದೊಂದೇ. ಟೀವಿಯ ಇಂಗ್ಲಿಷ್ ಚಾನೆಲಿನಲ್ಲಿ ಬಂದಾಗ ಮಧುಸೂದನನೇ ರೆಕಾರ್ಡು ಮಾಡಿಕೊಂಡದ್ದು. ಚಾನೆಲಿನವರು ಮುತ್ತಿಡುವ ಜಾಗಗಳನ್ನೆಲ್ಲ ಕತ್ತರಿಸಿ ಎಸೆದಿದ್ದರು. ಹುಡುಗ ಹುಡುಗಿ ಮುಖದ ಹತ್ತಿರ ಮುಖ ತರುತ್ತಾರೆ, ಚಿತ್ರ ಒಮ್ಮೆ ಹಾರುತ್ತದೆ, ನೋಡಿದರೆ ಇಬ್ಬರೂ ದೂರ ದೂರ ನಿಂತು ಕಾಫಿ ಕುಡಿಯುತ್ತಿರುತ್ತಾರೆ. ಅವರಿಬ್ಬರಿಗೂ ಜಗಳವಾಯಿತೆಂದು ಅವನ ಮಗಳು ಮಾನ್ಯಾ ನಂಬಿದ್ದಳು. ಅವಳಿಗೆ ಆರು ವರ್ಷ. ಅವನು ತಿದ್ದಲು ಹೋಗಿರಲಿಲ್ಲ.

ಇನ್ನೊಂದು ದಿನ ಸಹಿಸಿದರೆ ಸಾಕು ಎಂದುಕೊಂಡ. ನಾಳೆ ಬೆಳಗಿನ ಜಾವ ಹೊರಡುವುದೆಂದು ನಿಶ್ಚಯವಾಗಿತ್ತು. ಸಾಲ್ಮಿಯಾದ ಕೆಲವು ಮನೆಯವರು ತಮ್ಮ ತಮ್ಮ ಕಾರುಗಳಲ್ಲಿ ಒಟ್ಟಾಗಿ ಬಾಗ್ದಾದಿಗೆ, ಅಲ್ಲಿಂದ ಜೋರ್ಡಾನಿನ ಗಡಿಗೆ, ದೇವರು ದೊಡ್ಡವನಾದರೆ ಅಲ್ಲಿಂದ ವಿಮಾನ. ಮಧುಸೂದನನ ಕಾರಿನಲ್ಲಿ ಅವನು, ಹೆಂಡತಿ ವಾರಿಜಾ, ಮಾನ್ಯಾ, ಮತ್ತೆ ಕೆಳಗಿನ ಮಹಡಿಯ ಯಶೋಧರ. ಈ ಯಶೋಧರ ಬ್ಯಾಂಕಿನಲ್ಲಿ ಗುಮಾಸ್ತ, ಮದುವೆಯಾಗದವನು, ಎಲ್ಲಿ ಜಾಗ ಇದೆಯೋ ಅಲ್ಲಿ ತೂರಿಕೊಳ್ಳುವವನು. ಇನ್ನೊಂದು ಗುಂಪು ಯಾವಾಗ ಹೊರಟೀತೆಂದು ಯಾರಿಗೂ ಗೊತ್ತಿರಲಿಲ್ಲ.

ಕಾರು ಉಳಿಸಿಕೊಳ್ಳಲು ಎಲ್ಲರೂ ಮಾಡುತ್ತಿದ್ದುದನ್ನೇ ಅವನೂ ಮಾಡಿದ್ದ. ಬ್ಯಾಟರಿ ಬಿಚ್ಚಿ ಮನೆಯೊಳಗೆ ತಂದಿಟ್ಟಿದ್ದ. ಮನೆಯೆಂದರೆ ತನ್ನದಲ್ಲ, ದೇಜಪ್ಪನದು. ದೇಜಪ್ಪನ ಹೆಂಡತಿ ಆಶಾಲತಾ ಬಾಣಂತಿ. ಬಾಣಂತಿಯ ಮಂಚದ ಕೆಳಗೆ ಯಾವ ಗಂಡಸೂ ಬಗ್ಗಿ ನೋಡುವುದಿಲ್ಲವೆಂಬ ಧೈರ್ಯದಿಂದ ಅಲ್ಲಿ ತಳ್ಳಿಟ್ಟು, ಮೇಲೆ ಹಳೆಯ ಸೀರೆ ಮುಚ್ಚಿದ್ದರು. ಹಸುಗೂಸನ್ನು ಮರಳುಗಾಡಿನಲ್ಲಿ ಸುತ್ತಿಸುವುದು ಬೇಡವೆಂದು ಆ ಮನೆಯವರು ಮಾತ್ರ ಹಿಂದೆ ಉಳಿಯುವವರು.

ಬಾಗಿಲು ಬಡಿದರು. ನೆರೆಮನೆಯವರು ಹಾಗೆ ಬಡಿಯುವುದಿಲ್ಲ.

ಬಂದವನು ಎಳೆಯ ವಯಸ್ಸಿನ ಲೆಫ್ಟಿನೆಂಟ್. ಬೂಟಿನ ತುಂಬ ಧೂಳು, ಕಣ್ಣಲ್ಲಿ ನಿದ್ದೆಯಿಲ್ಲ. ಅವನ ಬೆನ್ನಿಗೆ ಬಂದೂಕು ಹಿಡಿದ ಒಬ್ಬ ಸೈನಿಕ, ಅವನ ಹಿಂದೆ ತಲೆ ತಗ್ಗಿಸಿ ನಿಂತ ಕಟ್ಟಡದ ಕಾವಲುಗಾರ. ಕೆಳಗೆ ನಿಂತಿರುವ ಬೂದು ಬಣ್ಣದ ಕಾರು ಯಾರದು, ಅದರ ಬ್ಯಾಟರಿ ಎಲ್ಲಿ ಎಂದು ಲೆಫ್ಟಿನೆಂಟ್ ಇಂಗ್ಲಿಷಿನಲ್ಲಿ ಕೇಳಿದ. ದನಿಯಲ್ಲಿ ಒರಟಿರಲಿಲ್ಲ. ಕಾರು ತನ್ನದೆಂದು ಮಧುಸೂದನ ಹೇಳಿದ. ಬ್ಯಾಟರಿ ಕೆಟ್ಟುಹೋಗಿ ಎಸೆದದ್ದಾಯಿತು ಎಂದ. ಲೆಫ್ಟಿನೆಂಟ್ ತಲೆಯಾಡಿಸಿದ. ಎಲ್ಲ ಮನೆಯಲ್ಲೂ ಇದೇ ಉತ್ತರ, ಆದ್ದರಿಂದ ಒಳಗಿನ ಕೋಣೆಗಳನ್ನು ಒಮ್ಮೆ ನೋಡಿಬಿಡುತ್ತೇನೆ ಎಂದ.

ಆಗ ದೇಜಪ್ಪ ಎದ್ದ.

ಉಡುಪಿ ಕಡೆಯ ಈ ದೇಜಪ್ಪ ಹೋಟೆಲೊಂದರ ಮ್ಯಾನೇಜರ್. ಅದು ಹೊಟ್ಟೆಪಾಡು. ಅವನ ನಿಜವಾದ ಉದ್ಯೋಗ ಸಂಘದ ಕಾರ್ಯದರ್ಶಿತನ. ಎಷ್ಟೋ ವರ್ಷದಿಂದ ಮುಖ್ಯ ಅತಿಥಿಗಳನ್ನು ಬಾಗಿಲಿಂದ ವೇದಿಕೆಗೆ ಕರೆತಂದು ಕರೆತಂದು ಅವನ ಮೈಗೆ ಅದೇ ರೂಢಿಯಾಗಿತ್ತು. ಸಮವಸ್ತ್ರದವನೊಬ್ಬ ಒಳಗೆ ಬರುತ್ತೇನೆಂದದ್ದೇ ತಡ, ಇದ್ದ ಒಂದೇ ಕೈಕುರ್ಚಿಯನ್ನು ಮುಂದಕ್ಕೆಳೆದ, ದಿಂಬು ತಟ್ಟಿದ, ಬನ್ನಿ ಕೂತುಕೊಳ್ಳಿ ಎಂದು ಉಪಚರಿಸಿದ. ಏಲಕ್ಕಿ ಹಾಕಿದ ಚಾ ಬಂತು. ಒಬ್ಬೊಬ್ಬರನ್ನೂ ಎಬ್ಬಿಸಿ ಪರಿಚಯ ಮಾಡಿಕೊಟ್ಟ. ಇವರು ಬ್ಯಾಂಕು ಎಂದ, ಮಧುಸೂದನನತ್ತ ಕೈ ತೋರಿ ಇವರು ನೀರು ಶುದ್ಧೀಕರಣದ ಕಾರ್ಖಾನೆಯ ಇಂಜಿನಿಯರ್ ಎಂದ. ಶಾಲೊಂದು ಕೈಗೆ ಸಿಕ್ಕಿದ್ದರೆ ಹೊದಿಸಿಯೇ ಬಿಡುತ್ತಿದ್ದ, ಮಾನಗೆಟ್ಟವನು.

ಆಶ್ಚರ್ಯವೆಂದರೆ ಲೆಫ್ಟಿನೆಂಟ್ ಕೂತ. ಚಾ ಕುಡಿದ. ಟೀವಿ ನೋಡಿದ. ತಾನು ಎರಡು ವರ್ಷ ಪುಣೆಯಲ್ಲಿ ಓದಿದವನೆಂದೂ, ಅಲ್ಲಿ ಇಂಥ ಸಿನಿಮಾಗಳಿಗೆ ಕಾಲೇಜು ತಪ್ಪಿಸಿ ಹೋಗುತ್ತಿದ್ದೆನೆಂದೂ ಹೇಳಿದ. ಹುಡುಗ ಹುಡುಗಿ ಹತ್ತಿರ ಬಂದರು, ಚಿತ್ರ ಹಾರಿತು, ಕಾಫಿ ಕುಡಿಯತೊಡಗಿದರು. ಲೆಫ್ಟಿನೆಂಟ್ ಗಹಗಹಿಸಿ ನಕ್ಕ. ಕತ್ತರಿಸುತ್ತಿದ್ದವರೆಲ್ಲ ಓಡಿಹೋಗಿದ್ದಾರೆ, ಇನ್ನು ಮೇಲೆ ಪೂರ್ತಿ ನೋಡಬಹುದು ಎಂದ.

ಎಲ್ಲರೂ ನಕ್ಕರು. ವಾರಿಜಾ ಕೂಡ ನಕ್ಕಳು. ಹೆದರಿ ನಕ್ಕದ್ದಾದರೆ ಕ್ಷಮಿಸಬಹುದಿತ್ತು. ಅವಳು ನಿಜಕ್ಕೂ ನಕ್ಕಿದ್ದಳು. ಮದುವೆಯಾಗಿ ಇಷ್ಟು ವರ್ಷವಾದರೂ ತನ್ನ ಯಾವ ಮಾತಿಗೂ ಹಾಗೆ ನಕ್ಕಿರಲಿಲ್ಲವೆಂದು ಮಧುಸೂದನನಿಗೆ ಹೊಳೆಯಿತು.

ಟ್ರೇಯ ಕುಣಿತ ಬಂತು. ದೇಜಪ್ಪನ ನಾಲಗೆ ಸುಮ್ಮನಿರಬೇಕಲ್ಲ! ನಮ್ಮ ಇಂಜಿನಿಯರ್ ಸಾಹೇಬರು ಇದನ್ನೇ ಸ್ಟೇಜಿನ ಮೇಲೆ ಕುಣಿದಿದ್ದಾರೆ ಸರ್, ಎಂದುಬಿಟ್ಟ. ಅತಿಥಿಯ ಎದುರು ತಮ್ಮವರ ಪ್ರತಿಭೆ ಹೊಗಳದಿದ್ದರೆ ಕಾರ್ಯಕ್ರಮ ಮುಗಿದಂತಲ್ಲ ಅವನಿಗೆ.

ಮಾತು ನಿಜ. ಹೋದ ವರ್ಷದ ರಾಜ್ಯೋತ್ಸವಕ್ಕೆ, ಬಾಡಿಗೆ ಹಿಡಿದ ಶಾಲೆಯ ಹಾಲಿನಲ್ಲಿ, ಮಧುಸೂದನ ಸ್ಟೀಲಿನ ಟ್ರೇ ಹಿಡಿದು ಕುಣಿದಿದ್ದ. ಸಂಘವೆಂದರೆ ಅವನಿಗೆ ತಾತ್ಸಾರ. ಚಿತ್ರಾನ್ನ, ಕೋಲಾಟ, ಮೈಕು ಕೈಬಿಡದ ಅಧ್ಯಕ್ಷರು. ಇವರಿಗೆ ಬೇರೆ ಏನಾದರೂ ತೋರಿಸಬೇಕೆಂದು ಒಪ್ಪಿಕೊಂಡಿದ್ದ. ಬಚ್ಚಲಮನೆಯಲ್ಲಿ ಬಾಗಿಲು ಹಾಕಿಕೊಂಡು ಕಲಿತಿದ್ದ. ಕೊನೆಯ ಸುತ್ತಿನಲ್ಲಿ ಒಂದು ಕಪ್ಪು ಬಿದ್ದು ಉರುಳಿತ್ತು, ಜನ ಆ ಕಪ್ಪಿಗೇ ಹೆಚ್ಚು ಚಪ್ಪಾಳೆ ತಟ್ಟಿದ್ದರು.

ಲೆಫ್ಟಿನೆಂಟ್ ಅವನ ಕಡೆ ತಿರುಗಿ, ದಯವಿಟ್ಟು ಎಂದ. ಅಷ್ಟೇ. ಬಂದೂಕು ತೋರಿಸಲಿಲ್ಲ, ಗದರಲಿಲ್ಲ. ಗದರಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಒಳಗೆ ಮಗು ಅತ್ತಿತು. ಲೆಫ್ಟಿನೆಂಟನ ಕಣ್ಣು ಒಳಕೋಣೆಯ ಬಾಗಿಲಿಗೆ ಹೋಯಿತು. ಮಧುಸೂದನ ವಾರಿಜಾಳನ್ನು ನೋಡಿದ. ಬೇಡವೆಂದು ಒಂದು ಸಲ ತಲೆಯಾಡಿಸಲಿ, ಕಣ್ಣಾದರೂ ತಗ್ಗಿಸಲಿ! ಅವಳು ಎದ್ದು, ಚಾದ ಕಪ್ಪುಗಳನ್ನು ಟ್ರೇಯಲ್ಲಿ ಓರಣವಾಗಿ ಜೋಡಿಸಿ, ಅವನ ಕೈಗೆ ಕೊಟ್ಟಳು.

ಅವನು ಕುಣಿದ.

ಮೊದಮೊದಲು ಸಿಟ್ಟಿನಿಂದಲೇ ಕಾಲು ಹಾಕಿದ, ಬೇಗ ಮುಗಿಸಿಬಿಡಬೇಕೆಂದು. ಆದರೆ ಕಾಲಿಗೆ ನೆನಪಿತ್ತು. ಸೊಂಟಕ್ಕೆ ನೆನಪಿತ್ತು. ಕಾರ್ಪೆಟ್ಟಿನ ಮೇಲಿದ್ದವರು ಗೋಡೆಗೆ ಒತ್ತಿ ಜಾಗ ಬಿಟ್ಟರು. ಯಾರೋ ತಾಳ ಹಾಕಿದರು. ಹಾಡು ಮುಗಿಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಯಾರೂ ಇನ್ನೊಂದನ್ನು ಕೇಳಿರಲಿಲ್ಲ. ಅವನು ಉಸಿರು ಹಿಡಿದು ಆ ಕೊನೆಯ ಸುತ್ತನ್ನು ಸುತ್ತಿದ. ಒಂದು ಕಪ್ಪೂ ಅಲುಗಲಿಲ್ಲ.

ಲೆಫ್ಟಿನೆಂಟ್ ಎದ್ದು ನಿಂತು ಚಪ್ಪಾಳೆ ತಟ್ಟಿದ. ಬಾಗಿಲ ಬಳಿಯ ಸೈನಿಕ ಬಂದೂಕನ್ನು ತೊಡೆಸಂದಿಯಲ್ಲಿ ಒತ್ತಿಕೊಂಡು ತಟ್ಟಿದ. ಆ ಗಳಿಗೆ ಮಧುಸೂದನನಿಗೆ ಎಷ್ಟು ಹಿತವಾಯಿತೆಂದರೆ, ಮರುಗಳಿಗೆಯೇ ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳಬೇಕೆನ್ನಿಸಿತು.

ಬ್ಯಾಟರಿಯ ಸುದ್ದಿ ಮರೆತೇಹೋಯಿತು. ಕೋಣೆಗಳನ್ನು ಯಾರೂ ನೋಡಲಿಲ್ಲ. ಟೀವಿಯನ್ನೂ ಮುಟ್ಟಲಿಲ್ಲ. ಲೆಫ್ಟಿನೆಂಟ್ ಕೈಕುಲುಕಿ, ತನ್ನ ಕ್ಯಾಪ್ಟನ್ನು ತುಂಬ ಬೇಸರದಲ್ಲಿದ್ದಾನೆ, ಊರಿನಿಂದ ಸುದ್ದಿಯಿಲ್ಲ, ನಾಳೆ ಸಂಜೆ ಅವನನ್ನೂ ಇನ್ನು ಕೆಲವರನ್ನೂ ಕರೆತರುತ್ತೇನೆ ಎಂದ. ಸಿನಿಮಾ ಇದೇ ಇರಲಿ, ಕುಣಿಯುವವರೂ ಇವರೇ. ಇರುತ್ತೀರಿ ತಾನೇ ಎಂದು ಬಾಗಿಲಲ್ಲಿ ತಿರುಗಿ ಕೇಳಿದ. ಖಂಡಿತ ಸರ್, ಎಂದ ದೇಜಪ್ಪ. ಮೆಟ್ಟಿಲವರೆಗೆ ಹೋಗಿ ಬೀಳ್ಕೊಟ್ಟು ಬಂದ.

ಬಾಗಿಲು ಹಾಕಿದ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಯಶೋಧರ ಬೆವರು ಒರೆಸಿಕೊಂಡು ಇವತ್ತು ಬದುಕಿದೆವು ಎಂದ. ಮಾನ್ಯಾ ಅಪ್ಪನ ಕಾಲು ತಬ್ಬಿ, "ಒನ್ಸ್ ಮೋರ್, ಅಪ್ಪಾ" ಎಂದಳು. ಆಮೇಲೆ ನಾಳೆ ಸಂಜೆ ಎಂಬುದರ ಅರ್ಥ ಒಬ್ಬೊಬ್ಬರಿಗೇ ತಟ್ಟಿತು.

"ನಾವು ನಾಳೆ ಸಂಜೆ ಇಲ್ಲಿರೋದಿಲ್ಲ, ದೇಜಪ್ಪನವರೇ," ಎಂದ ಮಧುಸೂದನ.

ದೇಜಪ್ಪ ನೆಲ ನೋಡಿದ. "ಅವ ಬಂದು ನನ್ನತ್ರ ಕೇಳ್ತಾನೆ ಸರ್. ಒಳಗೆ ಬಾಣಂತಿ ಉಂಟು, ಮಗು ಉಂಟು. ನಾನು ಎಂತ ಹೇಳುದು?"

"ಖಂಡಿತ ಅಂತ ಒಪ್ಪಿಕೊಂಡವರು ನೀವು."

"ಒಪ್ಪದೆ ಎಂತ ಮಾಡುದು, ನೀವೇ ಹೇಳಿ."

ಮಾತು ನ್ಯಾಯವಾಗಿತ್ತು, ಅದಕ್ಕೇ ಮಧುಸೂದನನ ಸಿಟ್ಟು ಇನ್ನೂ ಏರಿತು. ಒಳಗಿಂದ ಆಶಾಲತಾ ಮಗುವನ್ನು ಸಮಾಧಾನ ಮಾಡುವ ದನಿ ಕೇಳುತ್ತಿತ್ತು. ಯಶೋಧರ ಗಂಟಲು ಸರಿಮಾಡಿಕೊಂಡು, ಕಾರು ಓಡಿಸುವುದು ತನಗೂ ಬರುತ್ತದೆ ಎಂದ. ಹೆಂಗಸರು ಮಕ್ಕಳು ನಾಳೆಯೇ ಹೊರಡುವುದು ಒಳ್ಳೆಯದು, ಸರ್ ಒಂದೆರಡು ದಿನ ಬಿಟ್ಟು ಬಸ್ಸಿನಲ್ಲಿ ಬರಬಹುದು ಎಂದ. ಎಲ್ಲರ ಮುಖದ ಮೇಲೂ ಗೆಲುವು ಕಾಣಿಸಿಕೊಂಡಿತು. ಎಷ್ಟು ಬೇಗ! ಅವನನ್ನು ಒಂದು ಮಾತು ಕೇಳಿದವರಿಲ್ಲ. ಸಂಘದ ಮೀಟಿಂಗಿನಲ್ಲಿ ಠರಾವು ಪಾಸಾಗುವ ಹಾಗೆ ಪಾಸಾಯಿತು. ಕಾರು ಅವನದು, ಹೆಂಡತಿ ಅವನವಳು, ಕುಣಿದದ್ದು ಅವನು, ಉಳಿಯಬೇಕಾದವನೂ ಅವನೇ. ಅನ್ಯಾಯವೆಂದು ಕೂಗಬೇಕೆನ್ನಿಸಿತು. ಆದರೆ ಯಾರಿಗೆ? ಬಾಣಂತಿಗೆ? ಚಾ ಕುಡಿದು ವಂದನೆ ಹೇಳಿ ಹೋದ ಆ ಸಭ್ಯ ಹುಡುಗನಿಗೆ?

ಅವನು ಎದುರಿನ ತನ್ನ ಫ್ಲ್ಯಾಟಿಗೆ ಬಂದ. ವಾರಿಜಾ ಹಿಂದೆಯೇ ಬಂದಳು. ಅವಳಾದರೂ ಕೊತಕೊತ ಕುದಿಯುತ್ತಿರುತ್ತಾಳೆಂದು ಕಾದ. ಅವಳು ಮಂಚದ ಮೇಲಿದ್ದ ಸೂಟ್‌ಕೇಸನ್ನು ತೆರೆದಳು.

"ಒಂದೆರಡು ದಿನದ ಮಾತಲ್ವಾ ರೀ."

"ಯಾರು ಹೇಳಿದ್ದು ಒಂದೆರಡು ಅಂತ? ಕ್ಯಾಪ್ಟನ್ ಆದ ಮೇಲೆ ಮೇಜರ್ ಬರ್ತಾನೆ. ಆಮೇಲೆ ಕರ್ನಲ್. ನಾನು ಇಲ್ಲೇ ಕುಣೀತಾ ಇರಬೇಕು."

ಅವಳು ಸೂಟ್‌ಕೇಸಿನ ಮೇಲಿನ ಬಟ್ಟೆಗಳನ್ನು ಪಕ್ಕಕ್ಕೆ ಸರಿಸಿದಳು.

"ನಾನು ಕುಣಿದದ್ದು ನಿಮ್ಮಿಬ್ಬರನ್ನ ಇಲ್ಲಿಂದ ದಾಟಿಸೋಕೆ ಕಣೆ. ಅಷ್ಟಾದರೂ ಗೊತ್ತಾ ನಿನಗೆ?"

"ಗೊತ್ತು," ಎಂದಳು. ಅವನ ಮುಖವನ್ನು ದಿಟ್ಟಿಸಿ ನೋಡಿದಳು. "ಹಾಡು ಮುಗಿದಿತ್ತಲ್ಲ. ಆ ಕೊನೆಯ ಸುತ್ತು ಯಾರಿಗೋಸ್ಕರ ಸುತ್ತಿದ್ರಿ?"

ನಿನಗೋಸ್ಕರ ಎನ್ನಬಹುದಿತ್ತು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ವಾರಿಜಾ ಸೂಟ್‌ಕೇಸಿನಿಂದ ಅವನ ಬಟ್ಟೆಗಳನ್ನು ತೆಗೆದು ಮಂಚದ ಮೇಲಿಟ್ಟಳು. ಪ್ಯಾಂಟುಗಳು, ಲುಂಗಿ, ಬನಿಯನ್ನು, ಕ್ಷೌರದ ಡಬ್ಬಿ. ಹಾಗೆ ತೆಗೆದ ಜಾಗದಲ್ಲಿ ಮಾನ್ಯಾಳ ಸ್ವೆಟರು, ಒಂದು ಜೊತೆ ಬೂಟು ಹಿಡಿಸಿತು. ಮುಚ್ಚಳ ಸಲೀಸಾಗಿ ಕೂತು ಕಟಕ್ಕೆಂದು ಮುಚ್ಚಿಕೊಂಡಿತು. ಅವನ ಬಿಳಿ ಶರ್ಟೊಂದನ್ನು ಮಾತ್ರ ಅವಳು ಬೇರೆ ತೆಗೆದಿಟ್ಟು, ಇಸ್ತ್ರಿ ಮಾಡಿ, ಹ್ಯಾಂಗರಿಗೆ ಹಾಕಿ ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದಳು. ನಾಳೆಗೆ, ಎಂದಳು. ಮಗಳಿಗೆ ಊಟ ಹಾಕಲು ಹೋದಳು.

ಹೊರಗೆ ಕತ್ತಲಾಗುತ್ತಿತ್ತು. ಬೀದಿಯಲ್ಲಿ ಒಂದು ಲಾರಿ ನಿಂತು ಏನನ್ನೋ ತುಂಬಿಕೊಳ್ಳುತ್ತಿತ್ತು. ಅವನು ಮಂಚದ ತುದಿಯಲ್ಲಿ ಕೂತ. ಏಸಿಯ ಗಾಳಿ ನೇರವಾಗಿ ಬಾಗಿಲಿಗೆ ಬಡಿಯುತ್ತಿತ್ತು. ಶರ್ಟಿನ ಒಂದು ತೋಳು ಮೆಲ್ಲಗೆ ಮೇಲೆದ್ದಿತು, ಇಳಿಯಿತು. ಆಮೇಲೆ ಇನ್ನೊಂದು. ಆಮೇಲೆ ಎರಡೂ ಒಟ್ಟಿಗೆ ಎದ್ದವು. ಹ್ಯಾಂಗರು ಮೊಳೆಯ ಮೇಲೆ ಅತ್ತ ಅರ್ಧ ಸುತ್ತು, ಇತ್ತ ಅರ್ಧ ಸುತ್ತು ತಿರುಗಿತು.

ಅವನು ಎದ್ದುಹೋಗಿ ಎರಡು ತೋಳುಗಳನ್ನೂ ಬಿಗಿಯಾಗಿ ಹಿಡಿದ. ಇಸ್ತ್ರಿಯ ಬಿಸಿ ಇನ್ನೂ ಆರಿರಲಿಲ್ಲ. ಹಿಡಿದಷ್ಟು ಹೊತ್ತು ಅದು ತೆಪ್ಪಗಿತ್ತು. ಕೈ ಸಡಿಲಿಸಿದ. ಮತ್ತೆ ಶುರುವಾಯಿತು.